ಬಾವಿಕಟ್ಟೆ ಮತ್ತು ಇಸ್ಪೀಟಿನ ಬಿಲ್ಲೆಗಳು

ಹರಿಹರದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಹಾಳುಬಾವಿ ಇತ್ತು. ಸಾವಿರದ ಒಂಬೈನೂರ ಐವತ್ತೆಂಟು, ಮಾಘಮಾಸ. ನಮ್ಮ ಚಿಕ್ಕಪ್ಪನ ಮಗ ಕರಿಬಸವರಾಜ ರಾತ್ರಿ ಅದರ ಮುಂದೆ ಹಾದು ಬರುತ್ತಿದ್ದ. ಜೊತೆಗೆ ಗೆಳೆಯ ವಾಮದೇವಪ್ಪ. ಕೊನೇ ರೈಲಿಗೆ ದಾವಣಗೆರೆ ಸೇರಬೇಕು. ಕರಿಬಸವರಾಜನ ಕೈಯಲ್ಲಿ ಬಟ್ಟೆಯ ಚೀಲ. ಹೆಜ್ಜೆ ಇಟ್ಟಾಗಲೆಲ್ಲ ಅದರೊಳಗೆ ಟಕ್... ಟಕ್... ಮೂಳೆಗೆ ಮೂಳೆ ತಾಗುವ ಸದ್ದು.

ಇಬ್ಬರಿಗೂ ಹಳೆಯ ನಾಣ್ಯ, ಬಿಲ್ಲೆ ಕೂಡಿಡುವ ಹುಚ್ಚು. ಸಿಕ್ಕಿದ್ದು ಒಂದು ಸಲ ಇವನಿಗೆ, ಮುಂದಿನ ಸಲ ಅವನಿಗೆ. ಹತ್ತು ವರ್ಷದಿಂದ ಆ ಮಾತು ತಪ್ಪಿರಲಿಲ್ಲ. ಈ ಸಲದ ಪಾಳಿ ಕರಿಬಸವರಾಜನದು.

ಸಿಕ್ಕಿದ್ದಾದರೂ ಎಂಥದ್ದು! ಮುಚ್ಚಿಹೋದ ಕ್ಲಬ್ಬೊಂದರ ಇಸ್ಪೀಟು ಮೇಜನ್ನು ಹರಿಹರದ ಹಳೇ ಸಾಮಾನಿನ ವ್ಯಾಪಾರಿ ಜಮಾಲುದ್ದೀನ್ ಕೊಂಡಿದ್ದ. ಅದರ ಡ್ರಾಯರಿನ ಬೀಗ ಮುರಿದರೆ, ದುಡ್ಡಿನ ಬದಲು ಪಣಕ್ಕಿಡುವ, ಮೂಳೆಯಲ್ಲಿ ಮಾಡಿದ ಕೆಂಪು ಬಿಳಿ ಬಣ್ಣದ ಜೂಜಿನ ಬಿಲ್ಲೆಗಳು. ಆ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿತ್ತಂತೆ. ಆಟದ ನಡುವೆ ಎದ್ದವನು ತನ್ನ ಬಿಲ್ಲೆಗಳನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಬೇಕು. ಅವನು ಮರಳುವ ತನಕ ಉಳಿದವರು ಎಲೆ ಮುಟ್ಟುವಂತಿಲ್ಲ. ಕುಬೇರಪ್ಪ ಅನ್ನುವವನು ಹಾಗೆ ಎದ್ದು ಹೊರಗೆ ಹೋಗಿದ್ದ. ಕಾಯುತ್ತೇವೆ ಅಂದ ಗೆಳೆಯರು ದೀಪ ಆರಿಸಿ ಹೊರಟುಹೋದರು. ಬೆಳಗ್ಗೆ ಅವನು ಇದೇ ಬಾವಿಯಲ್ಲಿ ಹೆಣವಾಗಿ ಸಿಕ್ಕ; ಚಪ್ಪಲಿಗಳು ಕಟ್ಟೆಯ ಮೇಲೇ ಇದ್ದವಂತೆ. "ಇದು ಬ್ಯಾಡ್ರಿ ಮೇಷ್ಟ್ರೇ," ಅಂದಿದ್ದ ಜಮಾಲುದ್ದೀನ್. ಡ್ರಾಯಿಂಗ್ ಮೇಷ್ಟ್ರು ಕರಿಬಸವರಾಜ ನಕ್ಕು ಚೀಲಕ್ಕೆ ತುಂಬಿಕೊಂಡಿದ್ದ.

ಬಾವಿಯ ಹತ್ತಿರ ಅವನಿಗೆ ಉಬ್ಬಸ ಬಂತು. ನಿಂತ. ಚೀಲದ ಸದ್ದು ನಿಲ್ಲಲಿಲ್ಲ... ಟಕ್... ಟಕ್...

"ಚೀಲ ಇಲ್ಲಿ ಕೊಡೋ," ವಾಮದೇವಪ್ಪ ಪಿಸುಗುಟ್ಟಿದ. "ರೈಲು ಎಷ್ಟು ತಡ ಐತೆ ಕೇಳ್ಕೊಂಡು ಬರ್ತೀನಿ. ನೀ ಇಲ್ಲೇ ಕೂತಿರು."

ಇಬ್ಬರ ವಾಪಸ್ ಟಿಕೆಟ್ಟುಗಳೂ ವಾಮದೇವಪ್ಪನ ಜೇಬಿನಲ್ಲೇ ಇದ್ದವು.

ಕರಿಬಸವರಾಜ ಚೀಲ ಕೊಟ್ಟು ಕಟ್ಟೆಯ ಮೇಲೆ ಕೂತ. ಬಹಳ ಹೊತ್ತಾಯಿತು. ಪಕ್ಕದಲ್ಲಿ ಯಾರೋ ಕೂತಂತಾಯಿತು. ಧೋತರದ ಸರಬರ... ಆಮೇಲೆ ಮೆಲ್ಲಗೆ ಒಂದು ದನಿ.

"ಅವ್ರು ಬರಲ್ರಿ. ನಂಗೂ ಕಾಯ್ತೀವಿ ಅಂದಿದ್ರು."

ಅಷ್ಟರಲ್ಲಿ ದೂರದಲ್ಲಿ ರೈಲು ಕೂಗಿತು. ಗಾಲಿಗಳ ಗಡಗಡ ಎದ್ದು, ಸಣ್ಣದಾಗಿ, ಅಡಗಿತು. ತಿರುಗಿ ನೋಡಿದರೆ ಕಟ್ಟೆ ಬರಿದು. ಉಬ್ಬಸಪಡುತ್ತಲೇ ಅವನು ದಾವಣಗೆರೆಯ ತನಕ ನಡೆದ. ಹೆದರಿಕೆಗಿಂತ, ವಾಮದೇವಪ್ಪ ಹಿಂಗೆ ಮಾಡಿದನಲ್ಲ ಅನ್ನುವುದೇ ಎದೆಯಲ್ಲಿ ಕೂತಿತ್ತು.

ಬೆಳಗಾಗುವಾಗ ಗೆಳೆಯನ ಮನೆಯ ಬಾಗಿಲು ತಟ್ಟಿದ. ವಾಮದೇವಪ್ಪ ತಲೆ ತಗ್ಗಿಸಿದ.

"ನಿನ್ನ ಬಿಟ್ಟು ರೈಲು ಹತ್ತಿದ್ದು ಖರೆ. ಆಸೆಯಾಯ್ತು. ಆದ್ರೆ ನೀನೇ ಓಡಿಬಂದು ಎದುರಿಗೆ ಕೂತ್ಯಲ್ಲೋ... ಮಾತಾಡ್ಲಿಲ್ಲ. ಇಲ್ಲಿ ಇಳಿದಾಗ ಕೈ ಚಾಚಿದಿ. ನಾಚ್ಕೆಯಾಗಿ ಚೀಲ ಕೊಟ್ಟುಬಿಟ್ಟೆ."

ಕರಿಬಸವರಾಜ ಅಲ್ಲಿಂದಲೇ ತಿರುಗಿದ. ಇದು ಎರಡನೇ ಸುಳ್ಳು ಅಂದುಕೊಂಡ. ಆ ಮನೆಯ ಮೆಟ್ಟಿಲು ಮತ್ತೆ ತುಳಿಯಲಿಲ್ಲ. ಬಿಲ್ಲೆಗಳು ಯಾರ ಮನೆಯಲ್ಲೂ ಸಿಗಲಿಲ್ಲ.

ಒಂದು ವಾರದ ಮೇಲೆ ದಾವಣಗೆರೆ ಸ್ಟೇಷನ್ನಿನ ಗೇಟಿನಲ್ಲಿ ಟಿಕೆಟ್ಟು ತೆಗೆದುಕೊಳ್ಳುವ ಲಾಲ್ ಸಾಬರೇ ಕರಿಬಸವರಾಜನನ್ನು ತಡೆದು ಕೇಳಿದರಂತೆ, ಅವತ್ತು ರಾತ್ರಿ ವಾಮದೇವಪ್ಪನವರ ಜೊತೆ ಇಳಿದವರು ಯಾರು ಅಂತ. ಎರಡು ಟಿಕೆಟ್ಟು ಅವರ ಕೈಗೇ ಬಂದಿದ್ದವು.

"ಆ ಚಳೀಲಿ ಬರಿಗಾಲಲ್ಲಿದ್ರು. ಅದಕ್ಕೇ ನೆನಪೈತ್ರಿ."

ಇದು ನಡೆದದ್ದು. ಲಾಲ್ ಸಾಬರು ಈಗಲೂ ಅದೇ ಗೇಟಿನಲ್ಲಿದ್ದಾರೆ.