ನಾಲ್ಕು ಹನ್ನೆರಡರ ಸಿಗ್ನಲ್

...ನಗ್ತೀಯಲ್ಲ ಮಿತ್ಸುಯೊ? ನಗು, ನಗು. ಇಪ್ಪತ್ತಾರು ವರ್ಷ ರೈಲು ಓಡಿಸಿದವನು ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೆಂಡತಿಗೆ ಸಿಗ್ನಲ್ ಓದಿ ಒಪ್ಪಿಸಬೇಕು. ನಾಳೆ ಕಂಪನಿಯ ಕಣ್ಣಿನ ಪರೀಕ್ಷೆ. ಅದಕ್ಕೆ ಮೊದಲು ನಿನ್ನದು.

ಕಣ್ಣು ಕೈಕೊಟ್ಟ ಅವತ್ತು ಏನೂ ವಿಶೇಷ ಇರಲಿಲ್ಲ ಕಣೆ. ಮಂಗಳವಾರ. ನೀನು ಕಟ್ಟಿಕೊಟ್ಟ ಅನ್ನದುಂಡೆ ತಿಂದು ಹೊರಟೆ. ಸೇತುವೆ ದಾಟಿದ ಮೇಲೆ ಹಳಿ ಬಾಗಿತು, ನೀರಿನಲ್ಲಿ ಅದ್ದಿದ ಕೋಲಿನ ಹಾಗೆ. ಬ್ರೇಕ್ ಹಾಕಿದೆ. ಹಳಿ ನೆಟ್ಟಗೇ ಇತ್ತು...

ಡಾಕ್ಟರು ಹರಾದ ಅನ್ನೋ ಕಾಯಿಲೆ ಅಂದ್ರು. ಮೈ ತನ್ನ ಕಣ್ಣನ್ನೇ ಹಗೆ ಅಂತ ತಿಳಿದುಕೊಂಡಿದೆ, ಅಕ್ಷಿಪಟಲದ ಹಿಂದೆ ನೀರು ತುಂಬಿ ಅದು ಎದ್ದು ಬಂದಿದೆ ಅಂದ್ರು. ಕಣ್ಣುಗುಡ್ಡೆಯ ಪಕ್ಕದಿಂದ ಹಿಂದಕ್ಕೆ ಸ್ಟೀರಾಯ್ಡ್ ಸೂಜಿ, ಮೂರು ಸಲ. ಒಂದನ್ನು ಬಿಟ್ಟರೂ ಕಣ್ಣು ವಾಪಸ್ ಬರೋ ಭರವಸೆ ಇಲ್ಲ. ನಾನು ಬಿಟ್ಟಿಲ್ಲವಲ್ಲ. ಗುರುವಾರ ಮೂರನೇದೂ ಆಯ್ತು. ಒಬ್ಬನೇ ಬಸ್ಸಿನಲ್ಲಿ ಹೋಗಿ ಬಂದೆ.

ಏನಂದೆ? ಈ ಕಾಯಿಲೆಗೆ ಕಿವಿಯೂ ಇನ್ನೂ ಗುಂಯ್ ಅಂತಿದೆ... ಏನೂ ಅನ್ನಲಿಲ್ವಾ. ಹಾಗೆ ರೆಪ್ಪೆಗೂದಲು ನೋಡಬೇಡ. ಅದೂ ಕಾಯಿಲೆಯದೇ, ಬೆಳ್ಳಗಾದರೆ ಆಗಲಿ. ರೆಪ್ಪೆಯಿಂದ ಯಾರೂ ರೈಲು ಓಡಿಸಲ್ಲ.

ಸೂಜಿ ಬರುವಾಗ ಕಣ್ಣು ಮುಚ್ಚೋ ಹಾಗಿಲ್ಲ, ಗೊತ್ತಾ? ಕ್ಲಿಪ್ ಹಾಕಿ ಬಿಡಿಸಿ ಇಟ್ಟಿರ್ತಾರೆ. ಕೆಳಗೆ ನೋಡಿ ಅಂತಾರೆ. ನೋವು ಅಷ್ಟಿಲ್ಲ. ಅದು ಬರೋದು ಕಾಣುತ್ತೆ... ಅಷ್ಟೇ. ಮುಚ್ಚೋಕಾಗಲ್ಲ.

ಟೈಮೆಷ್ಟು? ವಾಚು ಮುಖಕ್ಕೆ ಹಿಡಿದರೆ? ಬಾಯಲ್ಲಿ ಹೇಳು, ಕನ್ನಡಕ ತಂದಿಲ್ಲ... ನಾಲ್ಕು ಹನ್ನೆರಡು, ನನ್ನ ರೈಲು ಹೊರಡೋ ಹೊತ್ತು. ಸರಿ.

ಈಗ ನೋಡು. ಟೋಪಿ ಸರಿ ಮಾಡ್ಕೊಳ್ತೀನಿ, ಕೈ ಚಾಚಿ ಬೆರಳು ತೋರಿಸ್ತೀನಿ, ಕ್ಯಾಬಿನ್ನಿನಲ್ಲಿ ಕೂಗೋ ಹಾಗೇ ಕೂಗ್ತೀನಿ. ಹೊರಡುವ ಸಿಗ್ನಲ್, ಹಸಿರು.

...ಮಿತ್ಸುಯೊ?

ಇನ್ನೊಂದು ಸಲ ಹೇಳ್ಲಾ? ಹೊರಡುವ ಸಿಗ್ನಲ್... ನಾಲ್ಕು ಹನ್ನೆರಡಕ್ಕೆ ಹಸಿರೇ ಕಣೆ. ದಿನಾ ಹಸಿರೇ. ಇಷ್ಟು ವರ್ಷದಲ್ಲಿ ಒಂದು ದಿನವೂ...

ಇವತ್ತು ರೈಲು ತಡವಾ? ಆಗಲೇ ಮೈಕಿನಲ್ಲಿ ಹೇಳಿದ್ದು ಅದನ್ನೇನಾ? ನನಗೆ ಕೇಳಿಸಲಿಲ್ಲ.

ಕೆಂಪಾ?

ಬೈಯಿ. ತೋಳನ್ನ ಹೀಗೆ ಹಿಡ್ಕೋಬೇಡ...

ಗುರುವಾರ ಆಸ್ಪತ್ರೆಯ ಬಾಗಿಲ ತನಕ ಮಾತ್ರ ಹೋಗಿದ್ದೆ.

ಆ ಮೂರನೇ ಸೂಜಿಯ ಚೀಟಿ ಇನ್ನೂ ಟೋಪಿಯ ಒಳಗೇ ಇದೆ.