ಬೀಗ ಒಡೆದ ಅಕ್ಕನಿಗೆ ಬೀಳ್ಕೊಡುಗೆ

ಅಧ್ಯಕ್ಷತೆ ವಹಿಸಿರುವ ಮಾನ್ಯ ನಿರ್ದೇಶಕರೇ, ವೇದಿಕೆಯ ಮೇಲೆ ಇಕ್ಕಟ್ಟಿನಲ್ಲೂ ನಗುಮೊಗದಿಂದ ಕುಳಿತಿರುವ ಗಣ್ಯರೇ, ಮೂವತ್ತೊಂದು ವರ್ಷ ನಮ್ಮ ಮುದ್ರಣಾಲಯದ ಪುಸ್ತಕಗಳಿಗೆ ಬೆನ್ನು ಕಟ್ಟಿ ಇಂದು ನಿವೃತ್ತರಾಗುತ್ತಿರುವ ಬೈಂಡಿಂಗ್ ವಿಭಾಗದ ಅಕ್ಕನವರೇ, ಮುಂದಿನ ಎರಡು ಸಾಲು ಖಾಲಿ ಬಿಟ್ಟು ಬಾಗಿಲ ಬಳಿಯೇ ಜಾಗ ಹಿಡಿದಿರುವ ನನ್ನ ಪ್ರೀತಿಯ ಸಭಿಕರೇ,

ವ್ಯವಸ್ಥಾಪಕನಾದ ನನಗೆ ನಾಲ್ಕು ನಿಮಿಷ ಕೊಟ್ಟಿದ್ದಾರೆ. ನಾಲ್ಕು ನಿಮಿಷ ಸಾಲದು ಎಂದು ಬೇರೆ ಭಾಷಣಕಾರರು ಗೊಣಗಬಹುದು. ನಾನು ಗೊಣಗುವುದಿಲ್ಲ. ನಾಲ್ಕು ನಿಮಿಷ ಎಷ್ಟು ದೊಡ್ಡದೆಂದು ಈ ಸಭೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಹೋದ ವರ್ಷ ಇದೇ ಕಟ್ಟಡದಲ್ಲಿ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಕಚೇರಿಯ ಸಮಯದಲ್ಲೇ, ನಾಲ್ಕು ನಿಮಿಷ ನನ್ನ ಹೃದಯ ಕೆಲಸ ನಿಲ್ಲಿಸಿತ್ತು. ರಜೆ ಅರ್ಜಿಯನ್ನೂ ಕೊಟ್ಟಿರಲಿಲ್ಲ.

ನಮ್ಮದು ನಮೂನೆಗಳನ್ನು ಅಚ್ಚು ಹಾಕುವ ಮುದ್ರಣಾಲಯ. ಹುಟ್ಟಿದವರಿಗೆ ಬೇಕಾದ ನಮೂನೆ ನಮ್ಮಲ್ಲಿ ಅಚ್ಚಾಗುತ್ತದೆ, ಸತ್ತವರಿಗೆ ಬೇಕಾದದ್ದೂ ಅಚ್ಚಾಗುತ್ತದೆ. ಎರಡರ ನಡುವೆ ತೂಗಾಡುತ್ತಿರುವವರಿಗೆ ಮಾತ್ರ ಒಂದು ಕೊರತೆಯಿತ್ತು. ಅದನ್ನು ನೀಗಿಸಿದವನು ನಾನು.

ಆ ಯಂತ್ರ ಬಂದ ದಿನ ನಿಮಗೆಲ್ಲ ನೆನಪಿರಬಹುದು. ಊಟದ ಡಬ್ಬಿಯ ಚೀಲದಷ್ಟು ದೊಡ್ಡದು. ನಿಂತ ಹೃದಯಕ್ಕೆ ವಿದ್ಯುತ್ತಿನ ಒಂದು ಏಟು ಕೊಟ್ಟು ಸರಿದಾರಿಗೆ ತರುವ ಎಇಡಿ ಯಂತ್ರ. ಅದನ್ನು ಎಲ್ಲರ ಕೈಗೆ ಎಟಕುವ ಗೋಡೆಗೆ ತೂಗುಹಾಕಬೇಕು ಎಂದು ಕಳಿಸಿದವರು ಬರೆದಿದ್ದರು. ಎಲ್ಲರ ಕೈಗೆ ಎಟಕುವುದೇ! ಈ ಕಟ್ಟಡದಲ್ಲಿ ಎಲ್ಲರ ಕೈಗೆ ಎಟಕಿದ ಕೊಡೆಗಳ ಗತಿ ಏನಾಯಿತು ಎಂದು ನಾನು ಇಲ್ಲಿ ಬಿಡಿಸಿ ಹೇಳಬೇಕೆ? ಹಾಗಾಗಿ ಅದನ್ನು ನನ್ನ ಕೋಣೆಯ ಪಕ್ಕದ ಮರದ ಬೀರುವಿನಲ್ಲಿ ಇಟ್ಟು, ಬೀಗ ಹಾಕಿ, ಬೀಗದ ಮೇಲೆ ಅರಗಿನ ಮುದ್ರೆ ಒತ್ತಿಸಿದೆ. ಬಳಸುವವರು ತುಂಬಬೇಕಾದ ನಮೂನೆಯನ್ನು ನಾನೇ ರಚಿಸಿ, ಮೂರು ಪ್ರತಿ ಕಡ್ಡಾಯ ಮಾಡಿದೆ. ಬಳಕೆಯ ಉದ್ದೇಶ, ಹಿಂತಿರುಗಿಸುವ ದಿನಾಂಕ, ರೋಗಿಯ ಸಹಿ. ವ್ಯವಸ್ಥಾಪಕರ ಅನುಮತಿ ಎಂಬ ಅಂಕಣವನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದೆ. ಅಚ್ಚು ಬಹಳ ಚೆನ್ನಾಗಿ ಬಂದಿತ್ತು.

ತರಬೇತಿ ಆಗಲಿಲ್ಲವೇ ಎಂದು ಕೇಳಬಹುದು. ಆಯಿತು, ಯಾಕಾಗಲಿಲ್ಲ? ಉದ್ಘಾಟನೆ ನಾನೇ ಮಾಡಿದೆ. ಮಾಡಿ, ಒಂದು ತುರ್ತು ಸಭೆಗೆ ಹೊರಟುಹೋದೆ. ಹಾಜರಿ ಪುಸ್ತಕದಲ್ಲಿ ಇಪ್ಪತ್ತೆರಡು ಸಹಿಗಳಿದ್ದವು, ಸಹಿ ಹಾಕಿದವರಲ್ಲಿ ಆರು ಮಂದಿ ಮಾತ್ರ ಉಳಿದಿದ್ದರು. ಫೋಟೋದಲ್ಲಿ ಕುರ್ಚಿಗಳು ಖಾಲಿ ಕಾಣಬಾರದಲ್ಲ, ಅದಕ್ಕೆ ಬೈಂಡಿಂಗ್ ವಿಭಾಗದಿಂದ ನಾಲ್ಕು ಜನರನ್ನು ಕರೆಸಿ ಕೂರಿಸಿದರು. ಅವರಲ್ಲಿ ಅಕ್ಕನೂ ಒಬ್ಬರು. ಫೋಟೋ ತೆಗೆದ ಮೇಲೂ ಅವರು ಏಳಲಿಲ್ಲವಂತೆ. ತರಬೇತುದಾರರನ್ನು ಎಂಟು ಪ್ರಶ್ನೆ ಕೇಳಿದರಂತೆ. ಪುಸ್ತಕಕ್ಕೆ ಗೋಂದು ಹಚ್ಚುವವರಿಗೆ ಇದೆಲ್ಲ ಯಾಕಪ್ಪಾ ಎಂದು ನಾನು ಆಗ ನಕ್ಕಿದ್ದೆ.

ಇನ್ನು ಆ ದಿನದ ವಿಷಯ. ನಾನು ಸ್ಥಳದಲ್ಲಿದ್ದೆ, ಆದರೆ ಸಾಕ್ಷಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ಬೈಂಡಿಂಗ್ ವಿಭಾಗದಲ್ಲಿ ನಿಂತು, ಕತ್ತರಿಯನ್ನು ಅದರ ಜಾಗದಲ್ಲಿ ಇಡಲು ನಿಮಗೇನು ಕಷ್ಟ ಎಂದು ಇದೇ ಅಕ್ಕನನ್ನು ಬೈಯುತ್ತಿದ್ದೆ. ವಾಕ್ಯ ಪೂರ್ತಿಯಾಗಲಿಲ್ಲ. ಕಾಗದದ ರಾಶಿಯ ಮೇಲೆ ಕುಸಿದೆನಂತೆ. ಉಸಿರಿಲ್ಲ, ಕೂಗಿದರೆ ಓ ಎನ್ನಲಿಲ್ಲ. ಅಕ್ಕ ಒಬ್ಬರಿಗೆ ಆಂಬುಲೆನ್ಸಿಗೆ ಫೋನ್ ಮಾಡಲು ಹೇಳಿ, ಕಾಗದ ಮಡಿಸುವ ಯಂತ್ರದ ಚಾಲಕನನ್ನು ನನ್ನ ಎದೆ ಒತ್ತಲು ಕೂರಿಸಿ, ಬೀರುವಿನ ಕಡೆ ಓಡಿದರಂತೆ. ಅಲ್ಲಿ ನಮ್ಮ ಹಿರಿಯ ಗುಮಾಸ್ತರು ಅಡ್ಡ ನಿಂತಿದ್ದರು. ಅವರನ್ನು ಬೈಯಬೇಡಿ, ಅವರು ನನ್ನ ಕೈಯಲ್ಲಿ ಪಳಗಿದವರು.

"ಸಾಹೇಬ್ರ ಸಹಿ ಇಲ್ದೆ ಬೀರು ತೆಗೆಯೋ ಹಾಗಿಲ್ಲ" ಎಂದರಂತೆ.

"ಸಹಿ ಹಾಕೋ ಕೈ ಅಲ್ಲಿ ತಣ್ಣಗಾಗ್ತಿದೆ ಕಣ್ರೀ, ಪಕ್ಕಕ್ಕೆ ಸರೀರಿ" ಎಂದು ಅಕ್ಕ ಪುಸ್ತಕದ ಬೆನ್ನು ತಟ್ಟುವ ಸುತ್ತಿಗೆಯಿಂದ ಬೀಗಕ್ಕೆ ಮೂರು ಏಟು ಹಾಕಿದರು. ಬೀಗ, ಚಿಲಕ, ಅರಗಿನ ಮುದ್ರೆ, ಮೂರೂ ಒಟ್ಟಿಗೆ ಹೋದವು. ಕೀಲಿ ಎಲ್ಲಿತ್ತು ಎನ್ನುತ್ತೀರಾ? ನನ್ನ ಪ್ಯಾಂಟಿನ ಜೇಬಿನಲ್ಲಿ ಭದ್ರವಾಗಿತ್ತು.

ಆಮೇಲಿನದೆಲ್ಲ ಯಂತ್ರವೇ ಹೇಳಿಕೊಟ್ಟಿತಂತೆ. ಅದಕ್ಕೆ ಬಾಯಿದೆ. ಎದೆಯ ಮೇಲಿನ ಬಟ್ಟೆ ತೆಗೆಯಿರಿ ಎಂದಿತು, ತೆಗೆದರು. ಚಿತ್ರದಲ್ಲಿರುವಂತೆ ಪಟ್ಟಿ ಅಂಟಿಸಿ ಎಂದಿತು, ಅಂಟಿಸಿದರು. ಯಾರೂ ರೋಗಿಯನ್ನು ಮುಟ್ಟಬೇಡಿ ಎಂದಿತು, ಹಿರಿಯ ಗುಮಾಸ್ತರು ಗೋಡೆಯವರೆಗೂ ಹಿಂದೆ ಸರಿದರು. ಏಟು ಬೇಕೋ ಬೇಡವೋ ಎಂದು ತಾನೇ ಪರೀಕ್ಷಿಸಿ, ಗುಂಡಿ ಒತ್ತಿ ಎಂದಿತು. ಅಕ್ಕ ಒತ್ತಿದರು. ಮತ್ತೆ ಎದೆ ಒತ್ತಲು ಶುರು ಮಾಡಿ ಎಂದಿತು, ಶುರು ಮಾಡಿದರು. ಒಂದೇ ಒಂದು ನಮೂನೆ ಕೇಳಲಿಲ್ಲ. ನನ್ನ ಎರಡು ಪಕ್ಕೆಲುಬು ಬಿರುಕು ಬಿಟ್ಟವು, ನಾನು ಕಣ್ಣು ಬಿಟ್ಟೆ.

ನಲವತ್ತು ದಿನ ಕಳೆದು ಕೆಲಸಕ್ಕೆ ಮರಳಿದೆ. ನೀವೆಲ್ಲ ಹೂಗುಚ್ಛ ಕೊಟ್ಟಿರಿ. ಮಧ್ಯಾಹ್ನ ಕೋಣೆಯಲ್ಲಿ ಕೂತು ನಾನು ಮುಗಿಸಿದ ಮೊದಲ ಕಡತ ಯಾವುದು? ಅಕ್ಕನ ಸೇವಾ ಪುಸ್ತಕ. ಅನುಮತಿಯಿಲ್ಲದೆ ಕಚೇರಿಯ ಬೀಗ ಮುರಿದು ಅಶಿಸ್ತು ತೋರಿದ್ದಾರೆ, ಎಚ್ಚರಿಕೆ ನೀಡಲಾಗಿದೆ ಎಂದು ಷರಾ ಬರೆದು ಸಹಿ ಹಾಕಿದೆ. ಮೂವತ್ತು ವರ್ಷ ಒಂದು ಕಪ್ಪು ಚುಕ್ಕೆಯಿಲ್ಲದ ಪುಸ್ತಕ. ಅದರ ಹೊಲಿಗೆಯನ್ನೂ ಅವರೇ ಹಾಕಿದ್ದು.

ನಿಯಮ ಹಾಗಿತ್ತು ಎಂದು ಎಲ್ಲರಿಗೂ ಹೇಳಿದೆ. ಮನೆಯಲ್ಲೂ ಹೇಳಿದೆ. ನನ್ನ ಹೆಂಡತಿ ಬಟ್ಟೆ ಮಡಿಸುತ್ತಾ, "ನಿಮ್ಮನ್ನ ಉಳಿಸಿದ್ದೇ ಅವರ ತಪ್ಪು ಅಂತಾನಾ?" ಎಂದಳು. ಬೀಗದ ವಿಷಯ ಬೇರೆ ಎಂದೆ. ಅವಳು ಮಡಿಸಿದ ಬಟ್ಟೆಗಳ ಮೇಲೆ ಹೊಸ ಬನಿಯನ್ನುಗಳ ಒಂದು ಕಟ್ಟನ್ನು ತಂದಿಟ್ಟು ಒಳಗೆ ಹೋದಳು.

ಈ ಮಾತು ಬರೆದು ತಂದ ಹಾಳೆಯಲ್ಲಿಲ್ಲ. ಆದರೂ ಬಾಯಿಗೆ ಬಂದದ್ದನ್ನು ನುಂಗುವುದಿಲ್ಲ. ಆ ದಿನ ಅಕ್ಕ ನನ್ನ ಅಂಗಿಯನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿದರಲ್ಲ, ಒಳಗಿದ್ದ ಬನಿಯನ್ನಿನಲ್ಲಿ ಮೂರು ತೂತುಗಳಿದ್ದವು. ಇಸ್ತ್ರಿ ಕೆಡದ ಅಂಗಿ ಹಾಕಿಕೊಂಡು ಇಡೀ ಮುದ್ರಣಾಲಯಕ್ಕೆ ಶಿಸ್ತು ಕಲಿಸಿದ ಮನುಷ್ಯ ನಾನು. ಅರವತ್ತು ಜನ ಸುತ್ತ ನಿಂತು ಆ ಬನಿಯನ್ನು ನೋಡಿದರು. ಆಸ್ಪತ್ರೆಯಲ್ಲಿ ಮಲಗಿದ್ದಾಗ, ಬದುಕಿದೆನಲ್ಲ ಎಂಬ ಯೋಚನೆಗಿಂತ ಅದೇ ಯೋಚನೆ ನನ್ನನ್ನು ಹೆಚ್ಚು ಕಾಡಿತು. ಷರಾ ಬರೆದದ್ದು ಬೀಗಕ್ಕಲ್ಲ ಸಭಿಕರೇ, ಬನಿಯನ್ನಿಗೆ. ನನಗೆ ನಾಚಿಕೆಯಾಗಿತ್ತು, ಆ ನಾಚಿಕೆಯನ್ನು ಅಕ್ಕನ ಪುಸ್ತಕದಲ್ಲಿ ಬರೆದುಬಿಟ್ಟೆ.

ಬರೆದ ಷರಾವನ್ನು ಅಳಿಸಲು ನಿಯಮದಲ್ಲಿ ಅವಕಾಶವಿಲ್ಲ. ಹುಡುಕಿದ್ದೇನೆ, ಇಲ್ಲ. ಆದರೆ ಕೆಳಗೆ ಇನ್ನೊಂದು ಬರೆಯಬಾರದು ಎಂದು ಎಲ್ಲೂ ಹೇಳಿಲ್ಲ. ನಿನ್ನೆ ಬರೆದೆ. ಓದುತ್ತೇನೆ: "ಮೇಲ್ಕಂಡ ಷರಾ ಬರೆಯಲು ಸದರಿ ಅಧಿಕಾರಿಯು ಜೀವಂತವಾಗಿ ಲಭ್ಯವಿದ್ದದ್ದು ಸದರಿ ನೌಕರರ ಅಶಿಸ್ತಿನಿಂದ ಎಂದು ಈ ಮೂಲಕ ದೃಢೀಕರಿಸಲಾಗಿದೆ." ಚಪ್ಪಾಳೆ ಬೇಡ, ದಯವಿಟ್ಟು. ನಾನೂ ಚಪ್ಪಾಳೆಯನ್ನೇ ನಿರೀಕ್ಷಿಸಿದ್ದೆ. ಅಕ್ಕನನ್ನು ಕೋಣೆಗೆ ಕರೆಸಿ, ಎದ್ದು ನಿಂತು, ತಪ್ಪಾಯಿತು ಎಂದು ಹೇಳಿ ಪುಸ್ತಕ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಚೆನ್ನಾಗಿ ಬರ್ದಿದೀರ ಸಾರ್. ಆದ್ರೆ ಬೀರುಗೆ ಆವಾಗಿನದಕ್ಕಿಂತ ದೊಡ್ಡ ಬೀಗ ಹಾಕ್ಸಿದೀರಲ್ಲ. ನಾಳೆ ಆದ್ಮೇಲೆ ನಾನಿರಲ್ಲ. ಯಾರಾದ್ರೂ ಬಿದ್ರೆ ಒಡೆಯೋರು ಯಾರು?"

ನಾನು ಬಾಯಿ ತೆರೆದೆ. ಬೀಗ ತೆಗೆಯಲು ಪ್ರಧಾನ ಕಚೇರಿಯ ಅನುಮತಿ ಕೇಳಿದ್ದೇನೆ, ಏಳು ತಿಂಗಳಾಯಿತು, ಉತ್ತರ ಬರಬೇಕಿದೆ ಎಂದು ಹೇಳಲು ಹೊರಟಿದ್ದೆ. ಅವರ ಮುಖ ನೋಡಿ ಪುಸ್ತಕ ಮುಚ್ಚಿಟ್ಟೆ. ಒಂದು ವರ್ಷದಿಂದ ಈ ಅರವತ್ತು ಜನ ಆ ಹೆಂಗಸಿನ ಸುತ್ತಿಗೆಯೊಂದನ್ನೇ ನಂಬಿ ಉಸಿರಾಡುತ್ತಿದ್ದಾರೆ, ಇಂದು ಆ ಸುತ್ತಿಗೆಯೂ ನಿವೃತ್ತಿ.

ಮಾನ್ಯ ನಿರ್ದೇಶಕರೇ, ತಾವು ಇಲ್ಲೇ ಇರುವುದರಿಂದ ಪತ್ರ ಬರೆಯುವ ಶ್ರಮ ಉಳಿಯಿತು. ಈ ಸಭೆಗೆ ಬರುವ ಮುನ್ನ ಬಡಗಿಯನ್ನು ಕರೆಸಿ ಆ ಬೀರುವಿನ ಬಾಗಿಲನ್ನೇ ಕಳಚಿ ಹಾಕಿಸಿದ್ದೇನೆ. ಯಂತ್ರ ಈಗ ಮೆಟ್ಟಿಲ ಬಳಿಯ ಗೋಡೆಯ ಮೇಲಿದೆ, ಕೈಗೆ ಎಟಕುತ್ತದೆ. ನಮೂನೆ ತುಂಬಿಲ್ಲ, ಅನುಮತಿ ಪಡೆದಿಲ್ಲ. ಇದಕ್ಕೆ ವಿವರಣೆ ಕೇಳಿ ತಮ್ಮಿಂದ ನನಗೆ ಮೆಮೊ ಬಂದೇ ಬರುತ್ತದೆಂದು ಬಲ್ಲೆ. ಬರಲಿ. ಉತ್ತರ ಕೊಡಲು ನಾನು ಬದುಕಿದ್ದೇನೆ.

ಬದುಕಿಸಿದ ಅಕ್ಕನಿಗೆ, ಪಕ್ಕೆಲುಬು ಮುರಿಯುವಷ್ಟು ಶ್ರದ್ಧೆಯಿಂದ ಎದೆ ಒತ್ತಿದ ಚಾಲಕ ಮಿತ್ರನಿಗೆ, ಇಷ್ಟು ಹೊತ್ತು ತಾಳಿಕೊಂಡ ನಿಮ್ಮೆಲ್ಲರಿಗೆ ಋಣಿಯಾಗಿದ್ದೇನೆ. ನಮಸ್ಕಾರ.