ಬಂಕಿನ ಹಿಂದಿನ ಬಾವಿ

ಹೆದ್ದಾರಿಗೆ ತಾಗಿದ ಊರಿನಲ್ಲಿ ಪೆಟ್ರೋಲ್ ಬಂಕಿನ ಸಾಹುಕಾರನೊಬ್ಬನಿದ್ದ ಎಂದುಕೊಳ್ಳಿ. ಹೆಸರು ಬೇಡ. ಹೆಸರು ಹೇಳಿದರೆ ನೀವು ಅವನ ಕಡೆ ನೋಡುತ್ತೀರಿ, ನಿಮ್ಮ ಕಡೆ ನೋಡಿಕೊಳ್ಳುವುದಿಲ್ಲ. ಮೂವತ್ತು ವರ್ಷದ ಬಂಕು, ಅಳತೆಯಲ್ಲಿ ಒಂದು ತೊಟ್ಟು ಮೋಸವಿಲ್ಲ. ಸಾಹುಕಾರ ಅಂದರೆ ಹೀಗಿರಬೇಕು ಎಂದು ಊರೇ ಹೇಳುತ್ತಿತ್ತು. ಆ ಮಾತೆಂದರೆ ಅವನಿಗೆ ಪ್ರಾಣ.

ಬಂಕಿನ ಎಣ್ಣೆ ಎಲ್ಲಿರುತ್ತದೆ? ನೆಲದೊಳಗೆ, ಕಬ್ಬಿಣದ ಟ್ಯಾಂಕಿನಲ್ಲಿ. ದಿನಾ ಬೆಳಿಗ್ಗೆ ಉದ್ದನೆಯ ಕೋಲು ಇಳಿಸಿ ಮಟ್ಟ ನೋಡಬೇಕು. ಕೊಂಚ ಕಮ್ಮಿ ಕಂಡಾಗಲೆಲ್ಲ ಸಾಹುಕಾರ ಆವಿಯಾಗಿರಬೇಕು ಎನ್ನುತ್ತಿದ್ದ. ನೋಡಿ, ಬೇಸಿಗೆಯಲ್ಲಿ ಆವಿ, ಸರಿ. ಮಳೆಗಾಲದಲ್ಲೂ ಆವಿ, ಚಳಿಗಾಲದಲ್ಲೂ ಆವಿ.

ಬಂಕಿನ ಹಿಂದೆ ಒಬ್ಬ ಹೆಣ್ಣುಮಗಳು ಖಾನಾವಳಿ ನಡೆಸುತ್ತಿದ್ದಳು. ಒಂದು ದಿನ ಬಂದಳು.

"ಸಾವ್ಕಾರ್ರ, ನಮ್ಮ ಬಾವಿ ನೀರು ಎಣ್ಣಿ ವಾಸನಿ ಹೊಡ್ಯಾಕತ್ತೈತ್ರಿ."

"ರಸ್ತಾದಾಗ ಲಾರಿ ಅಡ್ಡಾಡ್ತಾವಲ್ಲವಾ, ಅದರ ವಾಸನಿ ಅದು."

ಅವಳು ನಂಬಿ ಹೋದಳು. ಅಂದಿನಿಂದ ಸಾಹುಕಾರನಿಗೆ ಊಟ ರುಚಿಸಲಿಲ್ಲ. ಯಾಕೆ? ಗೊತ್ತಿತ್ತಲ್ಲ.

ಕೊನೆಗೆ ಎಣ್ಣೆ ಕಂಪನಿಯಿಂದ, ಟ್ಯಾಂಕು ಸೋರುತ್ತದೆಯೇ ಎಂದು ಪರೀಕ್ಷೆ ಮಾಡುವವನೇ ಬಂದ. ಅದು ಬಲು ಸೂಕ್ಷ್ಮದ ಕೆಲಸ. ಬಂಕು ಮುಚ್ಚಬೇಕು. ಎಣ್ಣೆ ತೆಗೆಯುವಂತಿಲ್ಲ, ಹಾಕುವಂತಿಲ್ಲ. ಯಂತ್ರದ ಕಡ್ಡಿಯನ್ನು ಒಳಗಿಳಿಸಿ ಗಂಟೆಗಟ್ಟಲೆ ಸುಮ್ಮನೆ ಕೂರಬೇಕು. ಮಟ್ಟ ಕೂದಲೆಳೆಯಷ್ಟು ಇಳಿದರೂ ಪರದೆಯ ಮೇಲಿನ ಗೆರೆ ಹೇಳಿಬಿಡುತ್ತದೆ.

ಒಂದು ಗಂಟೆ ಆಯಿತು. ಎರಡು ಗಂಟೆ ಆಯಿತು. ಸಾಹುಕಾರನ ಕಣ್ಣು ಗೆರೆಯನ್ನು ಬಿಟ್ಟು ಕದಲಲಿಲ್ಲ. ಇಳಿಯಿತೇ? ಇಳಿಯಿತು. ಹೀಗೇ ಇಳಿದರೆ ಟ್ಯಾಂಕು ಅಗೆಸಬೇಕು, ಊರ ಮುಂದೆ ಮಾನ ಮಣ್ಣುಪಾಲಾಗಬೇಕು. ಪರೀಕ್ಷೆಯವನು ಊಟಕ್ಕೆ ಎದ್ದು ಹೋದ. ಎಣ್ಣೆ ತುಂಬುವ ಕೊಳವೆಯ ಕೀಲಿ ಸಾಹುಕಾರನ ಕಿಸೆಯಲ್ಲೇ ಇತ್ತು. ಐದು ಲೀಟರಿನ ಡಬ್ಬಿ ತಂದ, ಆಚೀಚೆ ನೋಡಿದ, ಸುರಿದ. ಮೂವತ್ತು ವರ್ಷ ಅಳತೆ ತಪ್ಪದ ಕೈ ಅಂದು ಅಳತೆ ತಪ್ಪಿತು.

ಪರೀಕ್ಷೆಯವನು ಬಂದು ಪರದೆ ನೋಡಿದ. ಗೆರೆ ಮೇಲಕ್ಕೆ ಹತ್ತಿತ್ತು.

"ಸೋರೋ ಟಾಕಿ ಬಾಳ ನೋಡೇನ್ರಿ ಸಾವ್ಕಾರ್ರ. ಕುಂತಲ್ಲೇ ತುಂಬಿಕೊಳ್ಳೋ ಟಾಕಿ ಇವತ್ತ ನೋಡಿದೆ."

ಅಷ್ಟರಲ್ಲಿ, ಸಾಹುಕಾರ ಪಾಪ ಬೆಳಗಿನಿಂದ ಬಿಸಿಲಲ್ಲಿ ಕೂತಿದ್ದಾನೆ ಎಂದು ಖಾನಾವಳಿಯವಳು ಒಂದು ತಂಬಿಗೆ ನೀರು ತಂದಳು.

"ಕುಡೀರಿ. ವಾಸನಿ ಐತಿ ಖರೆ, ನಮಗ ರೂಢಿ ಆಗೈತಿ. ಲಾರಿದು ಅಂತ ನೀವ ಹೇಳಿದ್ರಲ್ರಿ."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಅವನನ್ನು ಕೊಂದಿತು. ತಂಬಿಗೆ ತುಟಿಯವರೆಗೆ ಬಂತು, ಅಲ್ಲೇ ನಿಂತಿತು. ಅವಳು ದಿನಾ ಕುಡಿದದ್ದು, ಅವಳ ಮಕ್ಕಳು ಕುಡಿದದ್ದು, ಅವನಿಗೆ ಒಂದು ಗುಟುಕೂ ಇಳಿಯಲಿಲ್ಲ.

"ಈ ನೀರು ಇನ್ನ ಮುಟ್ಟಬ್ಯಾಡ ತಂಗೀ. ಸೋರೋದು ನನ್ನ ಟಾಕಿ," ಎಂದ. ಆಮೇಲೆ ಪರೀಕ್ಷೆಯವನ ಕಡೆ ತಿರುಗಿದ. "ಡಬ್ಬಿ ಸುರಿದಾಂವ ನಾನ. ಮತ್ತ ಮೊದಲಿಂದ ನೋಡು. ನಾ ಇಲ್ಲೇ ಕುಂದರ್ತೀನಿ."

ಸಂಜೆಗೆ ಗೆರೆ ಇಳಿಯಿತು. ವಾರದೊಳಗೆ ಟ್ಯಾಂಕು ಅಗೆದು ತೆಗೆದರು. ತೂತು ಸಾಸಿವೆ ಕಾಳಿನಷ್ಟಿತ್ತು.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮಿಂದ ವಾಸನೆ ಬರುತ್ತಿದೆ ಎಂದು ಯಾರು ಬಂದು ಹೇಳಿದರು? ಹೆಂಡತಿಯೇ? ತಮ್ಮನೇ? ಅಂಗಡಿಯ ಆಳೇ? ನೀವು ಏನೆಂದಿರಿ? ಲಾರಿ ಎಂದಿರಿ. ಆಮೇಲೆ ಇಲ್ಲಿಗೆ, ದೇವರ ಮುಂದೆ, ಬಂದು ಕೈ ಮುಗಿದಿರಿ. ಸಿಟ್ಟಾಗಬೇಡಿ, ನಮ್ಮಲ್ಲಿ ಕೆಲವರಿಗೆ ಈ ಕೈಮುಗಿಯುವುದೇ ಆ ಐದು ಲೀಟರಿನ ಡಬ್ಬಿ.

ನಾಳೆ ಯಾರಾದರೂ ನಿನ್ನಿಂದ ನನಗೆ ನೋವಾಯಿತು ಎಂದರೆ ತಟ್ಟನೆ ಉತ್ತರ ಕೊಡಬೇಡಿ. ಒಂದು ಗಂಟೆ ಸುಮ್ಮನೆ ಕೂರಿ. ಮೇಲಿಂದ ಏನನ್ನೂ ಸುರಿಯಬೇಡಿ. ಆಮೇಲೆ ಎದ್ದು ಅವರ ಮನೆಗೆ ಹೋಗಿ, ಅವರ ಬಾವಿಯ ನೀರನ್ನೇ ಕೇಳಿ ಕುಡಿಯಿರಿ. ಗಂಟಲಲ್ಲಿ ಇಳಿಯದಿದ್ದರೆ, ಅಗೆಯಬೇಕಾದದ್ದು ನಿಮ್ಮ ಅಂಗಳ.